ಮನೆ ಮುಂದಿನ ‘ಪರ್ವತ ಬೂದಿ’ ಮರ: ಕಡಿಯೋದಾ, ಬಿಡೋದಾ?

ತೀರ್ಥಹಳ್ಳಿಯವಳು
ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಕಾಟ್ಲೆಂಡಿನ ಫೈಫ್ ಕಡೆ. ಮಾರ್ಚಿನಲ್ಲಿ ಇಲ್ಲೊಂದು ಹಳೇ ಮನೆ ತಗೊಂಡೆವು. ಗೇಟಿಗೆ ಅಂಟಿಕೊಂಡಂತೆ ಒಂದು ಮರ ಇದೆ. ಆಗ ಬೋಳಾಗಿ ನಿಂತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜೂನ್ ಹೊತ್ತಿಗೆ ಕೆನೆ ಬಣ್ಣದ ಹೂಗೊಂಚಲು ಬಂತು. ವಾಸನೆ ಮಾತ್ರ ಒಂಥರಾ ಮೀನಿನದು. ಈಗ ಆಗಸ್ಟ್ ಕೊನೆ, ಎಲೆಗಿಂತ ಹಣ್ಣೇ ಜಾಸ್ತಿ. ಬಟಾಣಿ ಕಾಳಿಗೆ ಕುಂಕುಮ ಬಳಿದು ಗೊಂಚಲು ಕಟ್ಟಿ ನೇತುಹಾಕಿದ ಹಾಗಿದೆ.

ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾವು ಕಾರು ನಿಲ್ಲಿಸುವುದು ಅದರ ಕೆಳಗೇ. ಬೆಳಿಗ್ಗೆ ಎದ್ದರೆ ಗಾಜಿನ ಮೇಲೆ ಜಜ್ಜಿದ ಹಣ್ಣು, ಅದರ ಮೇಲೆ ಹಕ್ಕಿ ಹಿಕ್ಕೆ. ನಮ್ಮ ಯಜಮಾನರು ಗರಗಸ ತರಲು ಹೊರಟಿದ್ದಾರೆ. ಪಕ್ಕದ ಮನೆ ಅಜ್ಜಿ ಬೇಲಿಯ ಮೇಲಿಂದಲೇ “ಬಾಗಿಲ ರೋವನ್ ಕಡಿದ ಮನೆಗೆ ಒಳ್ಳೆಯದಾಗುವುದಿಲ್ಲ” ಅಂದರು. ಆಮೇಲೆ “ಮೌಂಟನ್ ಆ್ಯಶ್ ಅಂತಲೂ ಕರೀತಾರೆ” ಅಂತ ಸೇರಿಸಿದರು. ಫೋನಿನಲ್ಲಿ ಹಾಕಿದರೆ ಕನ್ನಡದಲ್ಲಿ ‘ಪರ್ವತ ಬೂದಿ’ ಅಂತ ತೋರಿಸಿತು!

ಇದರ ಜೊತೆಗೆ ಊರಿಂದ ಬಂದಿರುವ ಅತ್ತೆ ಒಂದು ಹಣ್ಣು ಕಚ್ಚಿ, ಮುಖ ಕಿವುಚಿ, ಉಗಿದು, “ಉಪ್ಪಿನಕಾಯಿಗೆ ಆಗಬಹುದು” ಅಂದಿದ್ದಾರೆ. ಇದು ಯಾವ ಮರ? ತಿನ್ನಬಹುದಾ? ಕಡಿಯಬಹುದಾ?

ಒಂದೇ ಸಾಲು
ಪರ್ವತ ಬೂದಿ, ಮೇಲೆ ಕೆಂಪು ಹಣ್ಣು. ಬೂದಿ ಮುಚ್ಚಿದ ಕೆಂಡ ಅಂದರೆ ಇದೇ ಇರಬೇಕು.

ಗಿಡದ ಮೇಷ್ಟ್ರು
ಫೋನು ಎರಡು ಸಲ ತಪ್ಪಿದೆ ಕಣಮ್ಮ. ಇಂಗ್ಲಿಷಿನಲ್ಲಿ ಆ್ಯಶ್ ಅಂದರೆ ಬೂದಿಯೂ ಹೌದು, ಒಂದು ಮರದ ಹೆಸರೂ ಹೌದು. ಉಚ್ಚಾರ ಒಂದೇ, ಮೂಲ ಬೇರೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಆ ಮರದ ಹೆಸರಿಗೆ ಈಟಿ ಅನ್ನುವ ಅರ್ಥವೂ ಇತ್ತು. ಈಟಿಯ ಹಿಡಿ ಅದೇ ಮರದ್ದು.

ಎರಡನೆಯದು, ನಿಮ್ಮ ಮರ ಆ ಆ್ಯಶ್ ಕೂಡ ಅಲ್ಲ. ಆ್ಯಶ್ ಆಲಿವ್ ಮರದ ವಂಶ. ನಿಮ್ಮದು ಗುಲಾಬಿ ವಂಶ, ಅಂದರೆ ಸೇಬಿನ ನೆಂಟ. ಶಾಸ್ತ್ರೀಯ ಹೆಸರು ಸೋರ್ಬಸ್ ಅಕುಪೇರಿಯಾ. ಎಲೆ ನೋಡಲು ಒಂದೇ ಥರ, ಬೆಟ್ಟದಲ್ಲಿ ಬೆಳೆಯುತ್ತದೆ, ಅದಕ್ಕೆ ‘ಬೆಟ್ಟದ ಆ್ಯಶ್’ ಅಂದರು, ಅಷ್ಟೇ.

ಈಗ ಒಂದು ಕೆಲಸ ಮಾಡಿ. ಒಂದು ಹಣ್ಣು ಕಿತ್ತು, ತೊಟ್ಟಿನ ಎದುರು ತುದಿ ನೋಡಿ. ಏನು ಕಾಣುತ್ತದೆ ಹೇಳಿ.

ತೀರ್ಥಹಳ್ಳಿಯವಳು
ಅಯ್ಯೋ ಮೇಷ್ಟ್ರೇ, ನಕ್ಷತ್ರ! ಐದು ಮೂಲೆಯ ಚಿಕ್ಕ ನಕ್ಷತ್ರ. ಭೂತಗನ್ನಡಿ ಬೇಕಾಗಲಿಲ್ಲ. ಉಗುರಲ್ಲಿ ಸೀಳಿದೆ, ಒಳಗೆ ಸೇಬಿನ ಬೀಜದಂಥವೇ ಪುಟ್ಟ ಬೀಜಗಳು.

ಗಿಡದ ಮೇಷ್ಟ್ರು
ಅದೇ. ಹೂವಿನ ಐದು ಪುಷ್ಪಪತ್ರ ಒಣಗಿ ಉಳಿದ ಗುರುತು. ಸೇಬಿನ ಬುಡದಲ್ಲೂ, ದಾಳಿಂಬೆಯ ಕಿರೀಟದಲ್ಲೂ ಇರುವುದು ಇಂಥದ್ದೇ. ನಿಮ್ಮ ಕೈಯಲ್ಲಿರುವುದು ಒಂದು ಸೆಂಟಿಮೀಟರೂ ಇಲ್ಲದ ಸೇಬು.

ಎಲೆಯನ್ನೂ ನೋಡಿಬಿಡಿ. ಬೇವಿನ ಎಲೆಯ ಹಾಗೆ ಒಂದೇ ಕಡ್ಡಿಯಲ್ಲಿ ಎದುರುಬದುರು ಚಿಕ್ಕ ಎಲೆಗಳು, ಅಂಚು ಗರಗಸ. ಆದರೆ ಆ ಇಡೀ ಕಡ್ಡಿ ಕೊಂಬೆಗೆ ಸೇರುವ ಜಾಗದಲ್ಲಿ ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಇದ್ದರೆ ರೋವನ್. ಜೋಡಿ ಜೋಡಿಯಾಗಿ ಎದುರುಬದುರು ಇದ್ದರೆ ಆ್ಯಶ್. ಚಳಿಗಾಲದಲ್ಲಿ ಇನ್ನೂ ಸುಲಭ: ಆ್ಯಶ್ ಮರದ ಮೊಗ್ಗು ಮಸಿ ಬಳಿದಂತೆ ಕಪ್ಪು.

ಮೆಲ್ಬರ್ನ್ ಮಂಜ
ಒಂದು ನಿಮಿಷ. ಮೌಂಟನ್ ಆ್ಯಶ್ ಕೆಳಗೆ ಕಾರು ನಿಲ್ಲಿಸುತ್ತೀರಾ? ನಮ್ಮ ವಿಕ್ಟೋರಿಯಾದಲ್ಲಿ ಅದರ ತುದಿ ನೋಡಬೇಕಾದರೆ ಕತ್ತು ನೋಯುತ್ತದೆ. ಟಾಸ್ಮೇನಿಯಾದಲ್ಲಿ ಒಂದು ಮರ ಸುಮಾರು 100 ಮೀಟರ್ ಎತ್ತರ ಇದೆ. ಹೂ ಬಿಡುವ ಮರಗಳಲ್ಲಿ ಜಗತ್ತಿಗೇ ಎತ್ತರದ ಜಾತಿಗಳಲ್ಲಿ ಒಂದು. ಇಂಥ ಕೆಂಪು ಹಣ್ಣುಗಿಣ್ಣು ಏನೂ ಬಿಡುವುದಿಲ್ಲ.

ಗಿಡದ ಮೇಷ್ಟ್ರು
ಮಂಜಣ್ಣ, ನಿಮ್ಮದು ಯೂಕಲಿಪ್ಟಸ್ ರೆಗ್ನನ್ಸ್. ನಮ್ಮೂರಲ್ಲಿ ನೀಲಗಿರಿ ಅನ್ನುತ್ತೇವಲ್ಲ, ಅದರ ದೊಡ್ಡಣ್ಣ. ಇಂಗ್ಲೆಂಡಿನಿಂದ ಹೋದವರಿಗೆ ಮರದ ದಿಮ್ಮಿ ಆ್ಯಶ್‌ನಂತೆ ಕಂಡಿತು, ಹೆಸರಿಟ್ಟರು. ಅದನ್ನೇ ಪೇಟೆಯಲ್ಲಿ ‘ಟಾಸ್ಮೇನಿಯನ್ ಓಕ್’ ಅಂತಲೂ ಮಾರುತ್ತಾರೆ. ಓಕೂ ಅಲ್ಲ, ಆ್ಯಶೂ ಅಲ್ಲ.

ಮೆಲ್ಬರ್ನ್ ಮಂಜ
ಥೂ, ನಮ್ಮ ಮನೆ ಊಟದ ಮೇಜು ಟಾಸ್ಮೇನಿಯನ್ ಓಕ್ ಅಂತ ಹೇಳಿ ಕೊಟ್ಟಿದ್ದರು. ಅಂದರೆ ನೀಲಗಿರಿ ಮೇಲೆ ಮುದ್ದೆ ತಿನ್ನುತ್ತಿದ್ದೇನೆ.

ಆದರೆ ಮರ ಸುಮ್ನೆ ಅಲ್ಲ ಬಿಡಿ. ಬೇರೆ ನೀಲಗಿರಿಗಳು ಕಾಡ್ಗಿಚ್ಚಿನ ಮೇಲೆ ಕಾಂಡದಿಂದಲೇ ಚಿಗುರುತ್ತವೆ. ಇದು ದೊಡ್ಡ ಬೆಂಕಿಗೆ ಸತ್ತೇ ಹೋಗುತ್ತದೆ. ಸಾಯುವಾಗ ತುದಿಯಿಂದ ಬೀಜ ಉದುರಿಸಿ, ಬೂದಿಯಲ್ಲಿ ಮರಿ ಹುಟ್ಟಿಸುತ್ತದೆ. 2009ರ ಬೆಂಕಿಯ ನಂತರ ಮೇರಿಸ್‌ವಿಲ್ ಕಡೆ ಹೋಗಿದ್ದೆ. ಬಿಳಿ ಕಂಬಗಳಂತೆ ಸತ್ತ ಮರಗಳು, ಬುಡದಲ್ಲಿ ಮೊಣಕಾಲೆತ್ತರ ಹಸಿರು. ಹಾಗಾಗಿ ‘ಪರ್ವತ ಬೂದಿ’ ಅನ್ನುವ ಹೆಸರು ನಮ್ಮ ಮರಕ್ಕೆ ಸರಿಯಾಗೇ ಇದೆ.

ಬ್ಯಾಟು ಬೀಸುವವ
ಆ್ಯಶಸ್ ಸರಣಿಗೂ ಈ ಮರಕ್ಕೂ ಸಂಬಂಧ ಇದೆಯಾ?

ಒಂದೇ ಸಾಲು
ಅದು ನಿಜವಾದ ಬೂದಿ ಮಾರಾಯ.

ಬ್ಯಾಟು ಬೀಸುವವ
ಆದರೂ ಸ್ಟಂಪ್ ಮಾಡುವುದು ಆ್ಯಶ್ ಮರದಲ್ಲೇ. ಬ್ಯಾಟು ವಿಲೋ. ಬ್ಯಾಟಿನ ವಿಷಯದಲ್ಲಿ ಕಾಶ್ಮೀರಿ ವಿಲೋ ಒಳ್ಳೆಯದಾ ಇಂಗ್ಲಿಷ್ ವಿಲೋನಾ ಅಂದರೆ...

ನಿರ್ವಾಹಕ
ಕ್ರಿಕೆಟ್‌ಗೆ ಬೇರೆ ಎಳೆ ಇದೆ. ಮರಕ್ಕೆ ಬನ್ನಿ.

ಎಬರ್ಡೀನ್ ಎಂಜಿನಿಯರ್
ಅಕ್ಕ, ಗರಗಸ ತರುವ ಮೊದಲು ನಿಮ್ಮ ಯಜಮಾನರಿಗೆ ಇದನ್ನು ಓದಿಸಿ. ನಿಮ್ಮ ಬೀದಿ ಸಂರಕ್ಷಿತ ಪ್ರದೇಶದಲ್ಲಿದ್ದರೆ, ನಿಮ್ಮದೇ ಅಂಗಳದ ಮರವಾದರೂ ಆರು ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕು. ಮರದ ಮೇಲೇ ರಕ್ಷಣೆಯ ಆದೇಶ ಇದ್ದರೆ ಅನುಮತಿಯೇ ಬೇಕು. ಗೂಡಿನಲ್ಲಿ ಮೊಟ್ಟೆ ಮರಿ ಇದ್ದಾಗ ಮುಟ್ಟಿದರೆ 1981ರ ಕಾಯ್ದೆ ಪ್ರಕಾರ ಅಪರಾಧ. ನಾನು ಒಂದು ಕೊಂಬೆ ಕಡಿಯಲು ಹೋಗಿ ಮೂರು ಮೇಲ್ ಬರೆದಿದ್ದೇನೆ.

ಇನ್ನೊಂದು. ಆ್ಯಶ್ ಮರಗಳಿಗೆ ಒಂದು ಶಿಲೀಂಧ್ರದ ರೋಗ ಬಂದು ಸಾಯುತ್ತಿವೆ, ಬ್ರಿಟನ್ನಿನಲ್ಲಿ 2012ರಿಂದ ಕಾಣುತ್ತಿದೆ. ‘ನಿಮ್ಮ ಮೌಂಟನ್ ಆ್ಯಶ್‌ಗೂ ರೋಗ ಬಂದಿದೆ, ಕಡಿದು ಕೊಡುತ್ತೇವೆ’ ಅಂತ ಯಾರಾದರೂ ಬಾಗಿಲು ತಟ್ಟಿದರೆ ನಂಬಬೇಡಿ. ರೋವನ್‌ಗೆ ಆ ರೋಗ ಬರುವುದಿಲ್ಲ. ನನ್ನ ಪರಿಚಯದವರೊಬ್ಬರು ಹೀಗೇ ದುಡ್ಡು ಕೊಟ್ಟು ಒಳ್ಳೆ ಮರ ಕಳೆದುಕೊಂಡರು.

ಗಿಡದ ಮೇಷ್ಟ್ರು
ಸರಿಯಾದ ಮಾತು. ಇದಕ್ಕೆ ಬರುವುದು ಸೇಬು, ಪೇರ್ ಜಾತಿಯ ರೋಗಗಳು. ಕೊಂಬೆ ತುದಿ ಸುಟ್ಟಂತೆ ಕಪ್ಪಾಗಿ ಬಾಗಿದರೆ ಆಗ ಚಿಂತೆ ಮಾಡಿ. ರೋಗಕ್ಕೂ ನೆಂಟಸ್ತಿಕೆ ಗೊತ್ತು.

ಹೆಲ್ಸಿಂಕಿ ಹುಬ್ಬಳ್ಳಿ
ನಮ್ಮ ಫಿನ್ಲೆಂಡಿನಾಗ ಇದು ಪಿಹ್ಲಾಯಾ. ಗಲ್ಲಿಗೊಂದು ಐತ್ರೀ. ನಿಮಗೊಂದು ಮಜಾ ಹೇಳುತ್ತೇನೆ. ನಮ್ಮ ನರಿಗೆ ದ್ರಾಕ್ಷಿ ಹುಳಿ ಅಲ್ವಾ? ಇಲ್ಲಿನ ನರಿ ದ್ರಾಕ್ಷಿ ಎಲ್ಲಿ ನೋಡಬೇಕು? ಇಲ್ಲಿನ ಗಾದೆಯೊಳಗ ನರಿ ‘ಹುಳಿ’ ಅಂದಿದ್ದು ಈ ಹಣ್ಣಿಗೇ. ಸ್ವೀಡನ್ನಿನಲ್ಲೂ ಹಾಗೇ. ಈ ನರಿ ಸುಳ್ಳು ಹೇಳಿಲ್ಲ ನೋಡ್ರಿ. ನಾನು ತಿಂದೇನಿ, ಖರೇನೇ ಹುಳಿ. ಹುಳಿಗಿಂತ ಒಗರು. ಒಗರಿಗಿಂತ ಕಹಿ.

ಇನ್ನೊಂದು ಮಾತು, ‘ಪಿಹ್ಲಾಯಾ ಎರಡು ಹೊರೆ ಹೊರುವುದಿಲ್ಲ’. ಹಣ್ಣು ಜಾಸ್ತಿ ಬಿಟ್ಟ ವರ್ಷ ಚಳಿಗಾಲದಲ್ಲಿ ಹಿಮ ಕಡಿಮೆ ಅಂತ. ನಮ್ಮ ಆಫೀಸಿನಾಗ ಪ್ರತಿ ಸೆಪ್ಟೆಂಬರ್ ಇದರ ಮೇಲೆ ವಾದ ನಡೆಯುತ್ತದೆ.

ಅನುಮಾನ ರಾಯ
ಮರಕ್ಕೆ ಮುಂದಿನ ಹಿಮ ಹೇಗೆ ಗೊತ್ತಾಗಬೇಕು? ಆ ವರ್ಷದ ಹಣ್ಣಿಗೆ ಕಾರಣ ಹಿಂದಿನ ಬೇಸಿಗೆಯ ಮೊಗ್ಗು. ಒಂದು ವರ್ಷ ಮೈಮುರಿದು ಬಿಟ್ಟರೆ ಮುಂದಿನ ವರ್ಷ ಸುಸ್ತಾಗಿ ಕಡಿಮೆ ಬಿಡುತ್ತದೆ. ನಮ್ಮ ಮಾವು ಮಾಡುವುದಿಲ್ಲವಾ?

ಹೆಲ್ಸಿಂಕಿ ಹುಬ್ಬಳ್ಳಿ
ರಾಯರೇ, ಹಿಮದ ಮಾತು ಬಿಡ್ರಿ. ಸೇಬಿನ ತೋಟದವರು ಈ ಮರ ನೋಡಿಯೇ ಲೆಕ್ಕ ಹಾಕುತ್ತಾರೆ, ಅದು ಖರೇ. ಈ ಹಣ್ಣಿನಾಗ ಮೊಟ್ಟೆ ಇಡುವ ಒಂದು ಸಣ್ಣ ಪತಂಗ ಐತಿ. ರೋವನ್ ಹಣ್ಣು ಕೈಕೊಟ್ಟ ವರ್ಷ ಅದು ಸೀದಾ ಸೇಬಿಗೆ ನುಗ್ಗುತ್ತದೆ. ನಾರ್ವೆ, ಫಿನ್ಲೆಂಡ್ ಕಡೆ ಕಾಡಿನ ರೋವನ್ ಹೂವು, ಹಣ್ಣು ಎಣಿಸಿ ತೋಟದವರಿಗೆ ಮುನ್ಸೂಚನೆ ಕೊಡುತ್ತಾರೆ.

ಅನುಮಾನ ರಾಯ
ಇದನ್ನು ಒಪ್ಪುತ್ತೇನೆ.

ಒಂದೇ ಸಾಲು
ರಾಯರು ಒಪ್ಪಿದರು, ಇವತ್ತಿನ ದಿನಾಂಕ ಬರೆದಿಟ್ಟುಕೊಳ್ಳಿ.

ಉಡುಪಿ ಅಡುಗೆ
ಎಲ್ಲರೂ ಮರ ಹತ್ತಿದ್ದೀರಿ, ಅತ್ತೆಯವರ ಉಪ್ಪಿನಕಾಯಿ ಪ್ರಶ್ನೆಗೆ ಉತ್ತರ ಯಾರೂ ಕೊಟ್ಟಿಲ್ಲ. ಹಸಿಯಾಗಿ ತಿನ್ನಬಹುದಾ?

ಗಿಡದ ಮೇಷ್ಟ್ರು
ಬೇಡ. ಹಸಿ ಹಣ್ಣಿನಲ್ಲಿ ಪ್ಯಾರಾಸೋರ್ಬಿಕ್ ಆಮ್ಲ ಇದೆ, ಹೊಟ್ಟೆ ಕೆಡಿಸುತ್ತದೆ. ಬೇಯಿಸಿದರೆ ಅದು ಸೋರ್ಬಿಕ್ ಆಮ್ಲವಾಗಿ ಬದಲಾಗುತ್ತದೆ, ಅದರಿಂದ ತೊಂದರೆ ಇಲ್ಲ. ಬೀಜ ಜಗಿಯುವುದು ಬೇಡ, ಸೇಬಿನ ಬೀಜದ ಹಾಗೆ ಅದರಲ್ಲೂ ಸಯನೈಡ್ ಕೊಡುವ ವಸ್ತು ಸ್ವಲ್ಪ ಇದೆ. ಅತ್ತೆಯವರು ಒಂದು ಕಚ್ಚಿ ಉಗಿದಿದ್ದರಿಂದ ಏನೂ ಆಗುವುದಿಲ್ಲ, ಹೆದರಬೇಡಿ.

ಈಗ ತಮಾಷೆ ಕೇಳಿ. 1859ರಲ್ಲಿ ಹಾಫ್‌ಮನ್ ಅನ್ನುವ ರಸಾಯನ ವಿಜ್ಞಾನಿ ಈ ಹಣ್ಣಿನ ಎಣ್ಣೆಯಿಂದಲೇ ಸೋರ್ಬಿಕ್ ಆಮ್ಲ ತೆಗೆದದ್ದು. ಬೂಷ್ಟು ಹಿಡಿಯದಂತೆ ಅದು ತಡೆಯುತ್ತದೆ ಅಂತ ಗೊತ್ತಾಗಲು ಮತ್ತೆ ಸುಮಾರು ಎಂಬತ್ತು ವರ್ಷ ಬೇಕಾಯಿತು. ಇವತ್ತು ಬ್ರೆಡ್ಡು, ಚೀಸು, ಅಂಗಡಿ ಉಪ್ಪಿನಕಾಯಿ ಪ್ಯಾಕೆಟ್ಟಿನ ಹಿಂದೆ 200, 202 ಅಂತ ಸಂಖ್ಯೆ ಇದ್ದರೆ ಅದೇ. ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಹೆಸರು ಮಾತ್ರ ಈ ಮರದ್ದು. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನ ಸೋರ್ಬಿಟಾಲ್ ಕೂಡ ಮೊದಲು ಸಿಕ್ಕಿದ್ದು ಇದರಲ್ಲೇ, 1872ರಲ್ಲಿ.

ತೀರ್ಥಹಳ್ಳಿಯವಳು
ಅತ್ತೆಗೆ ಓದಿ ಹೇಳಿದೆ. “ನೋಡಿದ್ಯಾ, ಉಪ್ಪಿನಕಾಯಿಗೆ ಆಗುತ್ತೆ ಅಂತ ನಾನು ಬಾಯಲ್ಲಿಟ್ಟ ಕೂಡಲೇ ಹೇಳಲಿಲ್ವಾ” ಅಂದರು. ಈಗ ನನಗೆ ಉಳಿಗಾಲ ಇಲ್ಲ.

ಎಬರ್ಡೀನ್ ಎಂಜಿನಿಯರ್
ಇಲ್ಲಿ ಎಲ್ಲರೂ ಮಾಡುವುದು ಜೆಲ್ಲಿ. ನನ್ನ ಹೆಂಡತಿ ಮಾಡುವ ರೀತಿ ಹೇಳುತ್ತೇನೆ. ಹಣ್ಣು ತೊಟ್ಟಿನಿಂದ ಬಿಡಿಸಿ ಒಂದು ರಾತ್ರಿ ಫ್ರೀಜರಿನಲ್ಲಿ ಇಡಿ, ಕಹಿ ಸ್ವಲ್ಪ ಇಳಿಯುತ್ತದೆ. ಹಣ್ಣಿನಷ್ಟೇ ತೂಕದ ಹುಳಿ ಸೇಬು ಸಿಪ್ಪೆ ಸಮೇತ ಹೆಚ್ಚಿ ಸೇರಿಸಿ. ಮುಳುಗುವಷ್ಟು ನೀರು ಹಾಕಿ ಮೆತ್ತಗೆ ಬೇಯಿಸಿ. ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೊಟ್ಟಿಕ್ಕಲು ಬಿಡಿ. ಹಿಂಡಬೇಡಿ, ಹಿಂಡಿದರೆ ಜೆಲ್ಲಿ ಕದಡುತ್ತದೆ. 600 ಮಿಲಿ ರಸಕ್ಕೆ 450 ಗ್ರಾಂ ಸಕ್ಕರೆ. ಕುದಿಸಿ, ತಣ್ಣಗಿನ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ತಳ್ಳಿದಾಗ ಸುಕ್ಕು ಬಿದ್ದರೆ ಆಯಿತು. ಇಲ್ಲಿಯವರು ಜಿಂಕೆ ಮಾಂಸದ ಜೊತೆ ತಿನ್ನುತ್ತಾರೆ. ನಾವು ದೋಸೆ ಜೊತೆ.

ಉಡುಪಿ ಅಡುಗೆ
ಕಹಿ, ಹುಳಿ, ಒಗರು ಮೂರೂ ಇದ್ದ ಮೇಲೆ ಬೆಲ್ಲ, ಒಣಮೆಣಸು, ಎಳ್ಳು ಹಾಕಿ ಹಾಗಲಕಾಯಿ ಗೊಜ್ಜಿನ ಹಾಗೆ ಮಾಡಿ ಮಾರಾಯ್ರೆ. ಬೇಯಿಸಿ, ಸೋಸಿ, ಬೀಜ ತೆಗೆದು ಮಾಡಿ. ಜಿಂಕೆ ಯಾಕೆ ಬೇಕು.

ಸಕಲೇಶಪುರ ಕಾಫಿ
ನನಗೆ ಅಜ್ಜಿ ಹೇಳಿದ ಮಾತು ಕುತೂಹಲ. ಯಾಕೆ ಕಡಿಯಬಾರದಂತೆ? ನಮ್ಮ ಕಡೆ ನಾಗಬನದ ಮರ ಮುಟ್ಟುವುದಿಲ್ಲವಲ್ಲ, ಹಾಗಾ?

ಎಬರ್ಡೀನ್ ಎಂಜಿನಿಯರ್
ಮಾಟಗಾತಿಯರನ್ನು ದೂರ ಇಡುವ ಮರ ಅಂತ ಹಳೆಯ ನಂಬಿಕೆ. ಕೆಂಪು ಬಣ್ಣಕ್ಕೆ ಕೆಟ್ಟದ್ದು ಹೆದರುತ್ತದೆ, ಮೇಷ್ಟ್ರು ತೋರಿಸಿದ ನಕ್ಷತ್ರವೂ ರಕ್ಷೆಯ ಗುರುತು. ಎರಡು ಕಡ್ಡಿಗಳನ್ನು ಅಡ್ಡಡ್ಡ ಇಟ್ಟು ಕೆಂಪು ದಾರದಲ್ಲಿ ಬಿಗಿದು ಬಾಗಿಲ ಮೇಲೆ, ಕೊಟ್ಟಿಗೆಯಲ್ಲಿ ಸಿಗಿಸುತ್ತಿದ್ದರು. ಕೋಟಿನ ಒಳಬಟ್ಟೆಗೂ ಹೊಲಿಯುತ್ತಿದ್ದರು. ಮೇ 1ರ ಹಿಂದಿನ ರಾತ್ರಿ ಇದು ತಪ್ಪುತ್ತಿರಲಿಲ್ಲ. ಹಸುವಿನ ಬಾಲಕ್ಕೂ ಕಟ್ಟುತ್ತಿದ್ದರು, ಹಾಲು ಯಾರೂ ಕದಿಯಬಾರದು ಅಂತ.

ಹೈಲ್ಯಾಂಡ್ಸ್ ಕಡೆ ನಡೆಯಲು ಹೋದರೆ ಗಮನಿಸಿ. ಬಯಲಲ್ಲಿ ಒಂಟಿ ರೋವನ್ ಕಂಡರೆ ಹತ್ತಿರ ಹೋಗಿ ನೋಡಿ. ಎಷ್ಟೋ ಸಲ ಪಕ್ಕದಲ್ಲಿ ಮೊಣಕಾಲೆತ್ತರದ ಕಲ್ಲಿನ ಗೋಡೆ ಸಿಗುತ್ತದೆ. 18-19ನೇ ಶತಮಾನದಲ್ಲಿ ಜಮೀನುದಾರರು ಕುರಿ ಸಾಕಲು ಒಕ್ಕಲುಗಳನ್ನು ಎಬ್ಬಿಸಿ ಓಡಿಸಿದರು. ಮನೆ ಬಿದ್ದಿದೆ, ಬಾಗಿಲ ಮರ ಇದೆ. ಮರವೂ ಅಷ್ಟು ವರ್ಷ ಬಾಳುವುದಿಲ್ಲ, ಹಾಗಾಗಿ ಈಗಿರುವುದು ಅದರ ಮಕ್ಕಳೋ ಮೊಮ್ಮಕ್ಕಳೋ ಇರಬೇಕು.

ಸಕಲೇಶಪುರ ಕಾಫಿ
ಕೆಂಪು ದಾರ, ಕೊಟ್ಟಿಗೆ, ಬಾಗಿಲು! ನಾವು ಮೆಣಸಿನಕಾಯಿ ನಿಂಬೆಹಣ್ಣು ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ನೋಡಿ, ಪ್ರಪಂಚವೆಲ್ಲಾ ನಮ್ಮಿಂದಲೇ ಕಲಿತದ್ದು.

ಅನುಮಾನ ರಾಯ
ಶುರುವಾಯಿತು. ಕಾಫಿ ಸಾಹೇಬರೇ, ಹಸು ಹಾಲು ಕೊಡದಿದ್ದರೆ ಹೆದರಿಕೆ ಎಲ್ಲರಿಗೂ ಒಂದೇ. ಅದನ್ನು ಕಲಿಸಲು ಯಾರೂ ಹಡಗು ಹತ್ತಿ ಬರಬೇಕಾಗಿಲ್ಲ. ದೃಷ್ಟಿ ಆಗಬಾರದು ಅಂತ ದನದ ಬಾಲಕ್ಕೆ ರೋವನ್ ಕಟ್ಟುವ ಪದ್ಧತಿಯನ್ನು ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ 1597ರಲ್ಲಿ ಮಾಟದ ಬಗ್ಗೆ ಬರೆದ ಪುಸ್ತಕದಲ್ಲೇ ಪ್ರಸ್ತಾಪಿಸುತ್ತಾನೆ. ದಡ್ಡ ಹೆಂಗಸರ ಕೆಲಸ ಅಂತ ಹೀಯಾಳಿಸಿಯೇ ಬರೆಯುತ್ತಾನೆ.

ಚೆಂದದ ಕಥೆಯ ಇನ್ನೊಂದು ಮಗ್ಗುಲೂ ಹೇಳಿ. ಕೆಂಪು ದಾರ ಕಟ್ಟಿ ಹೆದರುತ್ತಿದ್ದ ಅದೇ ಊರುಗಳಲ್ಲಿ ಪಕ್ಕದ ಮನೆಯ ಮುದುಕಿಯನ್ನು ಮಾಟಗಾತಿ ಅಂತ ಹಿಡಿದುಕೊಟ್ಟರು. ಅಲ್ಲಿನ ಮಾಟದ ಕಾಯ್ದೆ 1563ರಿಂದ 1736ರವರೆಗೆ ಇತ್ತು. ಸಾವಿರಾರು ಜನರ ಮೇಲೆ ಆರೋಪ, ಜಾಸ್ತಿ ಹೆಂಗಸರೇ. ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 2022ರಲ್ಲಿ.

ಸಕಲೇಶಪುರ ಕಾಫಿ
ಅದಕ್ಕೂ ಮರಕ್ಕೂ ಏನು ಸಂಬಂಧ ಸಾರ್? ಒಂದು ಕಡ್ಡಿ ಸಿಗಿಸಿದರೆ ಯಾರಿಗೂ ನೋವಾಗುವುದಿಲ್ಲ.

ಅನುಮಾನ ರಾಯ
ಕಡ್ಡಿಯಿಂದ ನೋವಾಗುವುದಿಲ್ಲ. ಕಡ್ಡಿ ಯಾರಿಗೆ ಹೆದರಿ ಸಿಗಿಸಿದ್ದೋ ಅವರಿಗೆ ಆಗುತ್ತದೆ. ನಮ್ಮಲ್ಲೂ 2017ರಲ್ಲಿ ಮಾಟಮಂತ್ರದ ವಿರುದ್ಧ ಕಾಯ್ದೆ ಮಾಡಬೇಕಾಯಿತಲ್ಲ, ಸುಮ್ನೆ ಮಾಡಿದರಾ?

ತೀರ್ಥಹಳ್ಳಿಯವಳು
ಇಬ್ಬರೂ ಸ್ವಲ್ಪ ನಿಧಾನ. ಪಕ್ಕದ ಮನೆ ಅಜ್ಜಿ ಇದನ್ನೆಲ್ಲಾ ನಂಬುತ್ತಾರೆ ಅಂತ ನನಗನ್ನಿಸುವುದಿಲ್ಲ. ಈ ಮರ ನೆಟ್ಟದ್ದು ಯಾರು ಅಂತ ಇವತ್ತು ಕೇಳಿದೆ. ಈ ಮನೆಯಲ್ಲಿ ಮೊದಲಿದ್ದವರು, ಇವರ ಸ್ನೇಹಿತೆಯಂತೆ. ಅದನ್ನು ಹೇಳಿ ಒಳಗೆ ಹೋಗಿಬಿಟ್ಟರು.

ಚಾರಣದ ಚಟ
ನಮ್ಮ ದೇಶದಲ್ಲಿ ಇದು ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಇಲ್ಲ, ಹಿಮಾಲಯದಲ್ಲಿ ಇದರ ಕುಲದ ಹಲವು ಜಾತಿಗಳಿವೆ. ಕಾಶ್ಮೀರದ್ದಂತೂ ಸೋರ್ಬಸ್ ಕಾಶ್ಮೀರಿಯಾನ ಅಂತಲೇ. ಅದರ ಹಣ್ಣು ಕೆಂಪಲ್ಲ, ಬಿಳಿ, ಮುತ್ತಿನ ಹಾಗೆ. ಎಲೆ ಉದುರಿದ ಮೇಲೂ ಗೊಂಚಲು ನೇತಾಡುತ್ತಿರುತ್ತದೆ. ಬ್ರಿಟನ್ನಿನ ತೋಟಗಳಲ್ಲಿ ಅದಕ್ಕೆ ಭಾರಿ ಬೇಡಿಕೆ.

ಬೆಂಗಳೂರು ಬಾಲ್ಕನಿ
ಬೀಜ ಸಿಕ್ಕರೆ ಬೆಂಗಳೂರಿನಲ್ಲಿ ಬೆಳೆಯಬಹುದಾ? ಅಕ್ಕ ಬರುವಾಗ ಒಂದು ಹಿಡಿ ತನ್ನಿ.

ಗಿಡದ ಮೇಷ್ಟ್ರು
ತರಬೇಡಿ. ಹೊರದೇಶದ ಬೀಜಕ್ಕೆ ಅನುಮತಿ ಬೇಕು, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ತಂದರೂ ಹುಟ್ಟುವುದಿಲ್ಲ. ಬೀಜಕ್ಕೆ ತಿಂಗಳುಗಟ್ಟಲೆ ಚಳಿ ಬಡಿಯಬೇಕು, ಆಮೇಲೇ ಕಣ್ಣು ಬಿಡುತ್ತದೆ. ಫ್ರಿಜ್ಜಿನಲ್ಲಿಟ್ಟು ಮೊಳಕೆ ಬರಿಸಿದರೂ ಮರಕ್ಕೆ ಪ್ರತಿ ವರ್ಷ ಚಳಿಗಾಲದ ನಿದ್ದೆ ಬೇಕು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಮಧ್ಯಾಹ್ನದ ತೂಕಡಿಕೆ.

ಹೆಲ್ಸಿಂಕಿ ಹುಬ್ಬಳ್ಳಿ
ಕಥೆ ಬಂತಲ್ಲ, ಒಂದು ಬಿಟ್ಟಿರಿ. ಉತ್ತರದವರ ಪುರಾಣದಾಗ ಗುಡುಗಿನ ದೇವರು ಥಾರ್ ಉಕ್ಕುವ ನದಿ ದಾಟುವಾಗ ಕೊಚ್ಚಿಹೋಗುತ್ತಿದ್ದ. ದಡದ ಒಂದು ರೋವನ್ ಹಿಡಿದು ಮೇಲೆ ಬಂದ. ಅದಕ್ಕೆ ‘ಥಾರನ ಆಸರೆ’ ಅಂತ ಹೆಸರು. ಹಂಗೇ, ಬೇರೆ ಮರದ ಪೊಟರೆಯೊಳಗ, ಬಂಡೆ ಸಂದಿನಾಗ ಹುಟ್ಟಿದ ರೋವನ್‌ಗೆ ಸ್ವೀಡನ್ ಕಡೆ ‘ಹಾರುವ ರೋವನ್’ ಅನ್ನುತ್ತಾರೆ. ನೆಲ ಮುಟ್ಟದ್ದಕ್ಕೆ ಶಕ್ತಿ ಜಾಸ್ತಿ ಅಂತ.

ಸಕಲೇಶಪುರ ಕಾಫಿ
ನಮ್ಮ ಬಂದಳಿಕೆ!

ಗಿಡದ ಮೇಷ್ಟ್ರು
ಅಲ್ಲ. ಬಂದಳಿಕೆ ಮರದ ರಸ ಹೀರುತ್ತದೆ. ಇದು ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಬೀಜ, ಪೊಟರೆಯ ಕಸದಲ್ಲಿ ಬೇರು ಬಿಟ್ಟಿದ್ದು. ಹೋಲಿಸಲೇಬೇಕಾದರೆ ಗೋಡೆ ಬಿರುಕಿನಲ್ಲಿ ಹುಟ್ಟುವ ಅರಳಿ. ಕೀಳಲೂ ಹೆದರಿಕೆ, ಬಿಡಲೂ ಹೆದರಿಕೆ. ಅಕುಪೇರಿಯಾ ಅನ್ನುವ ಹೆಸರೂ ಹಕ್ಕಿಯದೇ. ಲ್ಯಾಟಿನ್ನಿನಲ್ಲಿ ಹಕ್ಕಿ ಹಿಡಿಯುವುದು ಅಂತ, ಈ ಹಣ್ಣು ಇಟ್ಟೇ ಬಲೆ ಒಡ್ಡುತ್ತಿದ್ದರು.

ಒಂದೇ ಸಾಲು
ಈಗ ಹಕ್ಕಿ ಬಿಟ್ಟು ಕಾರು ಸಿಕ್ಕಿಕೊಂಡಿದೆ.

ಚಾರಣದ ಚಟ
ಇದಕ್ಕೆ ಕನ್ನಡದಲ್ಲಿ ಒಂದು ಹೆಸರಿಡೋಣವಾ? ‘ಬೆಟ್ಟಗುಂಕುಮ’ ಹೇಗಿದೆ?

ಅನುಮಾನ ರಾಯ
ರೋವನ್ ಅಂತಲೇ ಇರಲಿ. ನಾವು ಹೆಸರಿಟ್ಟರೆ ಐವತ್ತು ವರ್ಷದ ಮೇಲೆ ಯಾವುದೋ ಫೋನು ಅದನ್ನು ‘ಮೌಂಟನ್ ಸಿಂಧೂರ್’ ಅನ್ನುತ್ತದೆ.

ತೀರ್ಥಹಳ್ಳಿಯವಳು
ಏಳೆಂಟು ವಾರ ಆಯಿತು, ಸುದ್ದಿ ಹೇಳಲು ಬಂದೆ. ಜೆಲ್ಲಿ ಮಾಡಿದೆವು. ಎರಡು ಕಿಲೋ ಹಣ್ಣು ಬಿಡಿಸಲು ಅತ್ತೆಗೂ ನನಗೂ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಬಟ್ಟೆ ಹಿಂಡಬೇಡಿ ಅಂದರೂ ಅತ್ತೆ ಹಿಂಡಿದರು, “ಅಷ್ಟು ರಸ ಹಾಳು ಮಾಡೋದಾ” ಅಂತ. ಸ್ವಲ್ಪ ಕದಡಿದೆ, ಬಣ್ಣ ಮಾತ್ರ ಮಾಣಿಕ್ಯ. ಮೊದಲು ಸಿಹಿ, ಆಮೇಲೆ ನಾಲಿಗೆಯ ಹಿಂಭಾಗದಲ್ಲಿ ನಿಧಾನವಾಗಿ ಕಹಿ. ಪಕ್ಕದ ಮನೆ ಅಜ್ಜಿಗೆ ಒಂದು ಬಾಟಲಿ ಕೊಟ್ಟೆವು. ಅವರು ಮುಚ್ಚಳ ತೆಗೆದು ಮೂಸಿ, “ಹಿಂಡಿದ್ದೀರಿ” ಅಂದರು.

ಗೊಜ್ಜಿಗೆ ಅಂತ ಮೇಲಿನ ಕೊಂಬೆಗಳದ್ದು ಬಿಟ್ಟಿದ್ದೆವು. ಹೋದ ಮಂಗಳವಾರ ಬೂದು ತಲೆಯ ಹಕ್ಕಿಗಳ ದೊಡ್ಡ ಹಿಂಡೊಂದು ಬಂತು, ಒಂದೇ ಸಮ ಚಕ್ ಚಕ್ ಗಲಾಟೆ. ಗುರುವಾರದ ಹೊತ್ತಿಗೆ ಮರದಲ್ಲಿ ಒಂದು ಹಣ್ಣಿಲ್ಲ. ಕಾರಿನ ಕಥೆ ಕೇಳಬೇಡಿ.

ಎಬರ್ಡೀನ್ ಎಂಜಿನಿಯರ್
ಫೀಲ್ಡ್‌ಫೇರ್. ನಾರ್ವೆ ಕಡೆಯಿಂದ ಸಮುದ್ರ ದಾಟಿ ಬರುತ್ತವೆ. ಅಲ್ಲಿ ರೋವನ್ ಕಡಿಮೆಯಾದ ವರ್ಷ ವ್ಯಾಕ್ಸ್‌ವಿಂಗ್ ಕೂಡ ಬರುತ್ತವೆ. ತಲೆಯ ಮೇಲೆ ಜುಟ್ಟು, ರೆಕ್ಕೆಯಲ್ಲಿ ಕೆಂಪು ಅರಗಿನ ಹನಿ. ಮುಂದಿನ ವರ್ಷಕ್ಕೆ ಸ್ವಲ್ಪ ಹಣ್ಣು ಉಳಿಸಿ. ಗರಗಸ ಏನಾಯಿತು?

ತೀರ್ಥಹಳ್ಳಿಯವಳು
ಬಂತು. ಬೇಲಿಯ ಒಂದು ಕಂಬ ಕುಯ್ದು, ಕಾರು ನಾಲ್ಕು ಅಡಿ ಆಚೆ ನಿಲ್ಲಿಸುವ ಹಾಗೆ ಮಾಡಿದ್ದಾರೆ. ಬೇಲಿಗೆ ಕೌನ್ಸಿಲ್ ಅನುಮತಿ ಬೇಕಾ?

ಒಂದೇ ಸಾಲು
ಹೊಸ ಎಳೆ ಶುರು ಮಾಡಿ.